ಹನ್ನೊಂದನೇ ಸಾಲಿನ ಗುಂಡುಸೂಜಿ

ಫೆಬ್ರವರಿ 4, ಮಂಗಳವಾರ

ಇವತ್ತಿನಿಂದ ಬರೆದಿಡಲೇಬೇಕು. ಬಾಯಿಬಿಟ್ಟು ಹೇಳಿದರೆ ಇವಳು, ಅಂದರೆ ನನ್ನ ಹೆಂಡತಿ, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಾಳೆ. ಕಾಗದ ಹಾಗೆಲ್ಲ ಕೇಳುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಪ್ರೆಸ್ಸಿಗೆ ಒಂದು ಫೋನು ಬಂತು. ಚರ್ಚಿನ ಕಚೇರಿಯ ಹೆಂಗಸು. ನಿಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಈಸ್ಟರ್ ಮಾರ್ಚ್ ಮೂವತ್ತು ಎಂದಿದೆಯಲ್ಲ, ಅದು ಏಪ್ರಿಲ್ ಇಪ್ಪತ್ತಲ್ಲವೇ ಎಂದು ಕೇಳಿದಳು. ನಾನು ನಕ್ಕೆ. ಮೂವತ್ತೊಂದು ವರ್ಷದಿಂದ ಆ ಕ್ಯಾಲೆಂಡರಿನ ತಾರೀಖುಗಳನ್ನು ಲೆಕ್ಕ ಹಾಕುವವನು ನಾನು, ಪ್ರೂಫ್ ನೋಡುವವನೂ ನಾನೇ. ಪ್ರೆಸ್ಸಿನಲ್ಲಿ ನನ್ನನ್ನು ಬೆನ್ನ ಹಿಂದೆ ಹುಣ್ಣಿಮೆ ಎಂದು ಕರೆಯುತ್ತಾರೆ. ಗೊತ್ತಿಲ್ಲದವನಂತೆ ಇರುತ್ತೇನೆ, ಒಳಗೊಳಗೆ ಖುಷಿಯೂ ಪಡುತ್ತೇನೆ. ನಗುತ್ತಲೇ ಗೋಡೆಯ ಹಾಳೆ ತಿರುವಿದೆ. ಮಾರ್ಚ್ ಮೂವತ್ತು, ಭಾನುವಾರ, ಕೆಂಪಕ್ಷರದಲ್ಲಿ ಈಸ್ಟರ್. 

ನಾನು ಏಪ್ರಿಲ್ ಇಪ್ಪತ್ತು ಎಂದೇ ಬರೆದುಕೊಟ್ಟಿರುತ್ತೇನೆ. ನನ್ನ ಕೈಯಿಂದ ಬೇರೆ ತಾರೀಖು ಬರುವುದಿಲ್ಲ. ಯಾಕೆಂದರೆ ನಾನು ಈಗಿನವರ ಹಾಗೆ ಫೋನು ಒತ್ತಿ ನೋಡುವವನಲ್ಲ. ನನ್ನ ಹತ್ತಿರ ಕಾರ್ಡಿದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನ್ನ ಗುರುಗಳು ತಾವೇ ಬರೆದು ಕೊಟ್ಟ ದಪ್ಪ ಕಾರ್ಡು. ಅದರಲ್ಲಿ ಹತ್ತೊಂಬತ್ತು ಸಾಲು. ಹತ್ತೊಂಬತ್ತು ವರ್ಷಕ್ಕೊಮ್ಮೆ ಚಂದ್ರ ಅದೇ ತಾರೀಖುಗಳಿಗೆ ಮರಳಿ ಬರುತ್ತಾನೆ, ಹಾಗಾಗಿ ಅಷ್ಟು ಸಾಲು ಸಾಕು. ಪ್ರತಿ ಸಾಲಿನಲ್ಲಿ ಒಂದು ತಾರೀಖು, ಅದು ಆ ವರ್ಷಕ್ಕೆ ಚರ್ಚು ಒಪ್ಪಿಕೊಂಡ ವಸಂತದ ಹುಣ್ಣಿಮೆ. ಅದರ ನಂತರದ ಭಾನುವಾರ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ ಅದರ ಮುಂದಿನ ಭಾನುವಾರ. ಯಾವ ವರ್ಷಕ್ಕೆ ಯಾವ ಸಾಲು ಎನ್ನುವುದಕ್ಕೆ ಒಂದು ಗುಂಡುಸೂಜಿ, ವರ್ಷಕ್ಕೆ ಒಂದು ಸಾಲು ಕೆಳಕ್ಕೆ. ಈಸ್ಟರಿನ ಹಿಂದಿನ ಸಂಜೆ ಮೊಟ್ಟೆಗಳು ಬಣ್ಣದ ನೀರಲ್ಲಿ ಆರುತ್ತಿರುವಾಗ ಸೂಜಿಯನ್ನು ಮುಂದಿನ ವರ್ಷದ ಸಾಲಿಗೆ ಸರಿಸುವುದು ನಮ್ಮ ಮನೆಯ ರೂಢಿ. ಜೂನ್ ತಿಂಗಳಲ್ಲಿ ಹೊಸ ಕ್ಯಾಲೆಂಡರಿನ ಕೆಲಸ ಶುರುವಾದಾಗ ನಾನು ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದು, ಅದರ ಒಳಮೈಗೆ ಹೊಡೆದಿರುವ ಕಾರ್ಡಿನಲ್ಲಿ ಸೂಜಿ ಇರುವ ಸಾಲನ್ನು ಓದುತ್ತೇನೆ. ಮುಗಿಯಿತು.

ಇಂಥ ಲೆಕ್ಕವನ್ನು ಯಾರು ಕೆಡಿಸಿದರು ಎಂಬುದು ನಾಳೆ ಗೊತ್ತಾಗಬೇಕು.

ಫೆಬ್ರವರಿ 5, ಬುಧವಾರ

ಗೊತ್ತಾಯಿತು. ಗೊತ್ತಾದ ಹಾಗೆ ಆಯಿತು.

ಯಜಮಾನರ ಅಳಿಯ ಈಗ ನಮ್ಮ ಮ್ಯಾನೇಜರು. ಎದುರಿಗೆ ಸಾರ್, ಹಿಂದಿನಿಂದ ಅಳಿಯ. ಅವನು ನಮ್ಮಿಬ್ಬರನ್ನೂ ಕೋಣೆಗೆ ಕರೆದ, ನನ್ನನ್ನೂ ಸ್ಕೇಲಮ್ಮನನ್ನೂ. ಸ್ಕೇಲಮ್ಮ ಅಂದರೆ ಪುಟ ಕಟ್ಟುವವಳು. ಕಂಪ್ಯೂಟರಿನಲ್ಲೇ ಕಟ್ಟಿದರೂ ಪ್ರಿಂಟು ತೆಗೆದು ಸ್ಟೀಲ್ ಸ್ಕೇಲಿಟ್ಟು ಅಳೆಯದೆ ಬಿಡುವವಳಲ್ಲ. ಮಕ್ಕಳಿಬ್ಬರೂ ಶಾಲೆಗೆ ಹೋಗುವಂತಾದ ಮೇಲೆ, ಹತ್ತು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಬಂದವಳು. ಸೇರಿಸಿಕೊಳ್ಳಿ ಎಂದು ಶಿಫಾರಸು ಮಾಡಿದವನೂ ನಾನೇ. ಇದು ಅದಕ್ಕೆ ಸಿಕ್ಕ ಪ್ರತಿಫಲ.

ಅಳಿಯ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, ನೀವು ಹಿರಿಯರು, ಪ್ರೂಫಿನಲ್ಲಿ ಒಂದು ಕಣ್ತಪ್ಪು ಆಗಿರಬಹುದು, ಆದರೆ ತಪ್ಪು ಹುಟ್ಟಿದ್ದು ಎಲ್ಲಿ ಎನ್ನುವುದು ಮುಖ್ಯ ಎಂದ. ಕಣ್ತಪ್ಪು! ನನ್ನ ಕಣ್ಣು! ಮೈಯೆಲ್ಲ ಉರಿಯಿತು. ನಾನು ಬರೆದುಕೊಟ್ಟ ಹಾಳೆ ಸರಿಯಾಗಿಯೇ ಇತ್ತು ಎಂದೆ. ಹಾಳೆ ಎಲ್ಲಿ ಎಂದು ಕೇಳಿದ. ಮುದ್ರಣವಾದ ಮೇಲೆ ಅಂಥ ಹಾಳೆಗಳು ರದ್ದಿಗೆ ಹೋಗುತ್ತವೆ, ಎಲ್ಲರಿಗೂ ಗೊತ್ತು. ಅಳಿಯ ಸ್ಕೇಲಮ್ಮನನ್ನು ನೋಡಿದ. ಅವಳು ಸ್ಕೇಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನನ್ನನ್ನು ನೋಡಿದಳು. ಒಂದು ಮಾತಾಡಲಿಲ್ಲ.

ಮಾತಾಡಬೇಕಿತ್ತಲ್ಲ? ತಪ್ಪಿಲ್ಲದವರು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆಯೇ?

ಫೆಬ್ರವರಿ 9, ಭಾನುವಾರ

ಮನೆಯಲ್ಲೂ ನೆಮ್ಮದಿಯಿಲ್ಲ. ಊಟ ಬಡಿಸುತ್ತ ಇವಳು ತಣ್ಣಗೆ ಒಂದು ಮಾತು ಬಿಟ್ಟಳು.

"ಕೈತಪ್ಪಿ ಒತ್ತಿದ್ರೆ ಒಂದು ತಾರೀಖು ತಪ್ಪುತ್ತೆ ರೀ. ಬೂದಿ ಬುಧವಾರ, ಶುಭ ಶುಕ್ರವಾರ, ಎಲ್ಲಾ ಒಟ್ಟಿಗೆ ಮೂರು ವಾರ ಹಿಂದಕ್ಕೆ ಹೇಗೆ ಬಂತು?"

ಅವೆಲ್ಲ ಈಸ್ಟರಿನ ಸೆರಗು ಹಿಡಿದು ಬರುವ ದಿನಗಳು, ನಿಜ. ಈಸ್ಟರ್ ಒಂದನ್ನು ತಪ್ಪಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ ಸ್ಕೇಲಮ್ಮನೇ ಎಣಿಸಿ ಹಾಕಿರಬೇಕು ಎಂದೆ. ಇವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ಹೌದೇನೋ ಎಂದಳು. ಈ "ಹೌದೇನೋ" ಇದೆಯಲ್ಲ, ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಾನು ಗೆಲ್ಲಲಾಗದ ಏಕೈಕ ವಾದ ಅದು.

ಆಮೇಲೆ ಸುಮ್ಮನಿರಬಾರದೇ? ಮಗಳಿಗೆ ಫೋನು ಮಾಡಿ ಕೇಳಿ, ಅವಳಿಗೆ ಕಾರ್ಡಿನ ವಿಷಯ ಗೊತ್ತು ಎಂದಳು. ಎರಡು ಸಾಲಿನವಳಿಗೆ ನಾನು ಫೋನು ಮಾಡಬೇಕಂತೆ.

ಎರಡು ಸಾಲಿನವಳು ಅಂದರೆ ನಮ್ಮ ಒಬ್ಬಳೇ ಮಗಳು. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಗಳೊಳಗಿನ ಸಾಮಾನುಗಳಿಗೆ ವಿವರದ ಚೀಟಿ ಬರೆಯುವ ಕೆಲಸ. ಸಾವಿರ ವರ್ಷದ ಸಂಗತಿಯನ್ನು ಎರಡು ಸಾಲಿಗೆ ಇಳಿಸುವುದು ಅವಳ ಕಸುಬು. ಹೋದ ವರ್ಷ ಈಸ್ಟರಿನ ಹಿಂದಿನ ಸಂಜೆ, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಮೊಟ್ಟೆಗಳು ಕಂದುಗೆಂಪಾಗುತ್ತಿದ್ದವು. ಅವಳು ಕಪಾಟಿನ ಬಾಗಿಲು ತೆಗೆದು ಗುಂಡುಸೂಜಿ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಐದು ವರ್ಷದವಳಿದ್ದಾಗಿನಿಂದ ಸೂಜಿ ಸರಿಸುವುದು ಅವಳ ಹಕ್ಕು. ಆಗ ಹೇಳಿದಳು, ಮಿಠಾಯಿ ಎರೆಯುವ ಒಂದು ಹಳೆಯ ಮೊಲದ ಅಚ್ಚಿಗೂ ಬಣ್ಣದ ಮೊಟ್ಟೆಗೂ ಹೊಸ ಚೀಟಿ ಬರೆದಿದ್ದಾಳಂತೆ. "ಮೊಲ ಮತ್ತು ಮೊಟ್ಟೆ: ವಸಂತ ದೇವತೆಯ ಪುರಾತನ ಪೇಗನ್ ಹಬ್ಬದಿಂದ ಈಸ್ಟರಿಗೆ ಬಂದ ಗುರುತುಗಳು." ಪೇಗನ್ ಅಂದರೆ ಕ್ರೈಸ್ತ ಮತ ಬರುವ ಮೊದಲಿನದು. ಹೇಳಿ ನಗುತ್ತ, ಅಪ್ಪಾ, ನಿನ್ನ ಹಬ್ಬದ ಹೆಸರೂ ಆ ದೇವತೆಯದೇ, ಗೊತ್ತಾ ಎಂದಳು.

ಅದೆಲ್ಲ ಕಟ್ಟುಕಥೆ ಎಂದು ಕೂಗಿದೆ. ಮತ್ತೆ ಏನೇನು ಅಂದೆನೋ ಎಲ್ಲ ನೆನಪಿಲ್ಲ. ಕೂಲಿಗೆ ಚೀಟಿ ಬರೆಯುವವಳು ಎಂದದ್ದು ನೆನಪಿದೆ. ಓದಿಸಿದ್ದೇ ತಪ್ಪಾಯಿತು ಎಂದದ್ದೂ. ಅವಳ ಮುಖ ಸಪ್ಪೆಯಾಯಿತು. ಕೈಯಲ್ಲಿದ್ದ ಸೂಜಿಯನ್ನು ಕಾರ್ಡಿಗೆ ಚುಚ್ಚಿ, ಬಾಗಿಲು ಮುಚ್ಚಿ, ಬ್ಯಾಗು ತೆಗೆದುಕೊಂಡು ಆರೂವರೆಯ ಬಸ್ಸಿಗೆ ಹೊರಟೇಬಿಟ್ಟಳು. ಮೊಟ್ಟೆ ಕೂಡ ತಿನ್ನಲಿಲ್ಲ. ಹತ್ತು ತಿಂಗಳಾಯಿತು, ಅಮ್ಮನ ಜೊತೆ ಮಾತ್ರ ಮಾತು.

ಹಿರಿಯವನು ನಾನು. ಮೊದಲು ಫೋನು ಮಾಡಬೇಕಾದವರು ಯಾರು?

ಫೆಬ್ರವರಿ 12, ಬುಧವಾರ

ನಮ್ಮ ಕ್ಯಾಲೆಂಡರಿನ ಪ್ರಕಾರ ಇವತ್ತು ಬೂದಿ ಬುಧವಾರ, ನಲವತ್ತು ದಿನದ ಉಪವಾಸದ ಮೊದಲ ದಿನ. ಕೆಳಗಿನ ಮನೆಯ ಅಜ್ಜಿ ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಬೆಳಿಗ್ಗೆ ಏಳಕ್ಕೇ ಕೋಲೂರಿಕೊಂಡು ಚರ್ಚಿಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ನಿಂತಿದ್ದರಂತೆ. ಬೇರೆ ಕ್ಯಾಲೆಂಡರ್ ನೋಡಬಾರದಿತ್ತೇ ಎಂದೆ. ಮೆಟ್ಟಿಲ ಮೇಲೆ ಉಸಿರು ತೆಗೆದುಕೊಳ್ಳುತ್ತ, ನಿನ್ನ ಕ್ಯಾಲೆಂಡರಿಗಿಂತ ಬೇರೆ ಬೇಕಾ ಮಗಾ ಎಂದರು.

ಈ ಕಾಲದಲ್ಲಿ ಇಷ್ಟು ನಂಬಿದರೆ ಹೇಗೆ? ಅವರ ಮೇಲೂ ಸಿಟ್ಟು ಬಂತು.

ಫೆಬ್ರವರಿ 22, ಶನಿವಾರ

ಇಡೀ ದಿನ ಗ್ರಂಥಾಲಯದಲ್ಲಿದ್ದೆ. ಪ್ರೆಸ್ಸಿನ ಜಗಳ ಅತ್ತ ಇರಲಿ, ಆ ದೇವತೆಯ ಜಗಳವಾದರೂ ತೀರಲಿ ಎಂದು. ಗ್ರಂಥಪಾಲಕಿ ನಾಲ್ಕು ದಪ್ಪ ಪುಸ್ತಕ ತಂದಿಟ್ಟು, ನೆಲಕ್ಕೆ ಬೀಳಿಸಬೇಡಿ ಎಂದು ಎಚ್ಚರಿಸಿದಳು.

ಇವರು ಹಾಡಿ ಹೊಗಳುವ ಈ ವಸಂತ ದೇವತೆಗೆ ಇರುವ ಸಾಕ್ಷಿ ಎಷ್ಟು ಗೊತ್ತೇ? ಒಬ್ಬ. ಎಂಟನೇ ಶತಮಾನದ, ಪರದೇಶದ ಒಬ್ಬ ಕ್ರೈಸ್ತ ಸನ್ಯಾಸಿ. ಕಾಲ ಎಣಿಸುವ ಬಗ್ಗೆ ಬರೆಯುತ್ತ, ನಮ್ಮ ಜನ ಹಿಂದೆ ಈ ತಿಂಗಳನ್ನು ಇಂಥ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಅವಳಿಗೆ ಹಬ್ಬ ಮಾಡುತ್ತಿದ್ದರು ಎಂದು ಹೇಳಿ ಮುಂದೆ ಸಾಗುತ್ತಾನೆ. ಅಷ್ಟೇ. ಗುಡಿಯಿಲ್ಲ, ಮೂರ್ತಿಯಿಲ್ಲ, ಕಥೆಯಿಲ್ಲ, ಮೊಲವಂತೂ ಇಲ್ಲವೇ ಇಲ್ಲ. ಸಾವಿರ ವರ್ಷ ಕಳೆದ ಮೇಲೆ ಬೇರೊಂದು ದೇಶದ ಜನಪದ ಕಥೆಗಳ ಪಂಡಿತನೊಬ್ಬ, ಅಂಥ ದೇವತೆ ನಮ್ಮ ಕಡೆಯೂ ಇದ್ದಿರಬೇಕು ಎಂದು ಊಹಿಸಿದ. ಅವನ ನಂತರ ಬಂದವರು ಅವಳ ತೊಡೆಯ ಮೇಲೆ ಮೊಲ ಕೂರಿಸಿದರು, ಕೈಗೆ ಮೊಟ್ಟೆ ಕೊಟ್ಟರು. ಊಹೆಯ ಮೇಲೆ ಊಹೆ ಕೂತು ಇತಿಹಾಸವಾಯಿತು, ಅದು ಗಾಜಿನ ಪೆಟ್ಟಿಗೆಯೊಳಗೆ ಎರಡು ಸಾಲಿನ ಚೀಟಿಯಾಯಿತು. ಹೆಸರೂ ಹಾಗೆಯೇ. ಒಂದೆರಡು ಭಾಷೆ ಬಿಟ್ಟರೆ ಬಹಳಷ್ಟು ಭಾಷೆಗಳಲ್ಲಿ ಈ ಹಬ್ಬಕ್ಕೆ ಯೆಹೂದ್ಯರ ಪಸ್ಕ ಹಬ್ಬದಿಂದ ಬಂದ ಹೆಸರೇ ಇದೆ.

ಮೊಟ್ಟೆಯ ಕಥೆ ಇನ್ನೂ ಸರಳ. ಹಿಂದೆ ಆ ನಲವತ್ತು ದಿನ ಮಾಂಸದ ಜೊತೆ ಮೊಟ್ಟೆಯೂ ನಿಷಿದ್ಧ. ಜನ ಉಪವಾಸ ಮಾಡುತ್ತಾರೆ, ಕೋಳಿ ಮಾಡುವುದಿಲ್ಲವಲ್ಲ. ಅದು ಇಡುತ್ತಲೇ ಹೋಯಿತು. ಹಬ್ಬದ ದಿನ ಮನೆ ತುಂಬ ಮೊಟ್ಟೆ, ಬೇಯಿಸಿದರು, ಬಣ್ಣ ಹಚ್ಚಿದರು, ಹಂಚಿದರು. ಮೊಲ ಮೊಟ್ಟೆ ತರುವ ಕಥೆ ಪುಸ್ತಕಗಳಲ್ಲಿ ಕಾಣಿಸುವುದು ಮೂರು ನಾಲ್ಕು ಶತಮಾನದ ಈಚೆಗೆ. ಕೆಲವು ಕಡೆ ನರಿ ತರುತ್ತಿತ್ತಂತೆ, ಕೆಲವು ಕಡೆ ಕೋಗಿಲೆ, ಕೊಕ್ಕರೆ. ನರಿಗೊಂದು ದೇವತೆಯನ್ನು ಯಾಕೆ ಹುಡುಕಲಿಲ್ಲವೋ!

ನಾಲ್ಕು ಪುಟ ಬರೆದುಕೊಂಡೆ. ನಂತರ ಒಂದು ಪುಸ್ತಕದಲ್ಲಿ ಬೇಡದ್ದೊಂದು ಸಿಕ್ಕಿತು. ಪಸ್ಕ ಹಬ್ಬಕ್ಕೂ ಹಿಂದೆ, ಕುರಿಗಾಹಿಗಳು ವಸಂತದ ಹುಣ್ಣಿಮೆಗೆ ಮಾಡುತ್ತಿದ್ದ ಹಳೆಯ ಆಚರಣೆಯೊಂದು ಇದ್ದಿರಬಹುದು ಎಂದು ಕೆಲವು ವಿದ್ವಾಂಸರ ಅಭಿಪ್ರಾಯವಂತೆ. ಅಂದರೆ ಮೊಲವೂ ಮೊಟ್ಟೆಯೂ ಅಲ್ಲ, ನನ್ನ ತಾರೀಖೇ, ನನ್ನ ಹುಣ್ಣಿಮೆಯೇ ಎಲ್ಲಕ್ಕಿಂತ ಹಳೆಯದು. ಪುಸ್ತಕ ಮುಚ್ಚಿದೆ. ಇದನ್ನು ಎರಡು ಸಾಲಿನವಳಿಗೆ ಹೇಳುವ ಅಗತ್ಯವಿಲ್ಲ. ಹೇಳಿದರೆ ಹಾರಾಡುತ್ತಾಳೆ.

ಆದರೂ ಅದರ ಪುಟಸಂಖ್ಯೆ ಬರೆದುಕೊಂಡಿದ್ದೇನೆ. ಯಾಕೋ.

ಮಾರ್ಚ್ 6, ಗುರುವಾರ

ನಿನ್ನೆ ನಿಜವಾದ ಬೂದಿ ಬುಧವಾರ. ಕೆಳಗಿನ ಅಜ್ಜಿ ಎರಡನೇ ಸಲ ಮೆಟ್ಟಿಲಿಳಿದರು. ನಾನು ಬಾಗಿಲ ಹಿಂದೆ ನಿಂತು ಕೋಲಿನ ಸದ್ದು ನಿಲ್ಲುವವರೆಗೆ ಕಾದು ಹೊರಟೆ.

ಇವತ್ತು ಅಳಿಯ ತೀರ್ಮಾನ ಹೇಳಿದ. ತಿದ್ದುಪಡಿಯ ಚೀಟಿ ಅಚ್ಚು ಹಾಕಿ ಅಂಗಡಿಗಳಿಗೆಲ್ಲ ಕಳಿಸುತ್ತಾರೆ. ಅದರಲ್ಲಿ "ಪುಟವಿನ್ಯಾಸದ ದೋಷದಿಂದ" ಎಂದಿರುತ್ತದೆ. ಸ್ಕೇಲಮ್ಮ ಮಾರ್ಚ್ ಮೂವತ್ತೊಂದರವರೆಗೆ ಕೆಲಸ ಮಾಡಿ ಬಿಡಬೇಕು. ಕಡ್ಡಿ ಮುರಿದಂತೆ ಹೇಳಿ ಫೋನು ಎತ್ತಿಕೊಂಡ.

ಮಧ್ಯಾಹ್ನ ಅವಳು ಬೇರೊಂದು ಕೆಲಸದ ಪ್ರೂಫ್ ತಂದು ನನ್ನ ಮೇಜಿನ ಮೇಲಿಟ್ಟಳು. ಹೋಗಲಿಲ್ಲ. ನಿಂತೇ ಇದ್ದಳು. ಏನಮ್ಮ ಎಂದೆ.

"ಏನಿಲ್ಲ ಸಾರ್. ನಿಮಗೇನಾದ್ರೂ ನೆನಪಾಯ್ತಾ ಅಂತ."

ನೆನಪಾಗಲು ಏನಿದೆ? ಎಲ್ಲ ಚೆನ್ನಾಗಿಯೇ ನೆನಪಿದೆ. ಜೂನಿನಲ್ಲಿ ಹಾಳೆ ಕೈಗೆ ಕೊಟ್ಟ ಮರುದಿನ ಬಂದು ಏನೋ ಕೇಳಿದ್ದಳು. ಅವಳು ಕೇಳದ ದಿನ ಯಾವುದು? ಸಾರ್, ಇದು ಮಾರ್ಚೇನಾ, ಫೋನಲ್ಲಿ ಏಪ್ರಿಲ್ ಅಂತ ತೋರಿಸ್ತಿದೆ ಎಂದಿದ್ದಳು. ಫೋನು ಹುಟ್ಟುವ ಮೊದಲಿನಿಂದ ಕ್ಯಾಲೆಂಡರ್ ಇದೆ, ಬರೆದದ್ದನ್ನು ಕಟ್ಟು ಎಂದು ಗದರಿಸಿ ಕಳಿಸಿದ್ದೆ.

ಹೌದು, ಕೇಳಿದ್ದಳು. ಕೇಳಿದರೆ ಏನಾಯಿತು?

ಮಾರ್ಚ್ 7, ಶುಕ್ರವಾರ

ಕೇಳಿದ್ದಳು ಎಂದರೆ ಹಾಳೆಯಲ್ಲಿ ಮಾರ್ಚ್ ಎಂದಿತ್ತು ಎಂದಾಗುತ್ತದೆ. ಇಲ್ಲ, ಬೇರೆ ಯಾವುದೋ ಕ್ಯಾಲೆಂಡರಿನ ಬಗ್ಗೆ ಕೇಳಿರಬೇಕು. ವರ್ಷಕ್ಕೆ ಐದು ಕ್ಯಾಲೆಂಡರ್ ಮಾಡುತ್ತೇವೆ.

ಮಾರ್ಚ್ 8, ಶನಿವಾರ

ಐದರಲ್ಲಿ ಈಸ್ಟರ್ ಇರುವುದು ಒಂದರಲ್ಲೇ.

ಮಾರ್ಚ್ 14, ಶುಕ್ರವಾರ

ಸಂಜೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಔಷಧಿ ಅಂಗಡಿಯ ಬೋರ್ಡಿನ ಮೇಲೆ ಚಂದ್ರ ಬಂದ. ತುಂಬು ಚಂದ್ರ. ಇವತ್ತು ಹುಣ್ಣಿಮೆ ಎಂದಾದರೆ ಮುಂದಿನದು ಏಪ್ರಿಲ್ ಹದಿಮೂರರ ಸುಮಾರಿಗೆ. ಅದು ಭಾನುವಾರ, ಹಾಗಾಗಿ ಈಸ್ಟರ್ ಅದರ ಮುಂದಿನ ಭಾನುವಾರ, ಇಪ್ಪತ್ತು. ಬೆರಳು ಮಡಚಿದರೆ ಬರುವ ಲೆಕ್ಕ. ಮಾರ್ಚ್ ಮೂವತ್ತಕ್ಕೆ ಚಂದ್ರನೇ ಇರುವುದಿಲ್ಲ, ಬರೀ ಅಮಾವಾಸ್ಯೆಯ ಕತ್ತಲು. ಅಂಥ ದಿನಕ್ಕೆ ಈಸ್ಟರ್ ಹಾಕಿದವನು ವರ್ಷದಲ್ಲಿ ಒಮ್ಮೆಯಾದರೂ ತಲೆಯೆತ್ತಿ ಆಕಾಶ ನೋಡಿದ್ದಾನೆಯೇ? ನಾಚಿಕೆ ಬೇಡವೇ ಯಾರೋ ಒಬ್ಬನಿಗೆ?

ಮನೆಗೆ ಬಂದು ಇದನ್ನೇ ಕೂಗಾಡುತ್ತ ಹೇಳಿದೆ. ಇವಳು ಬಟ್ಟೆ ಮಡಚುತ್ತಿದ್ದಳು.

"ಕಾರ್ಡು ನೋಡಿದ್ರಾ?"

ನೋಡಲಿಲ್ಲ, ನೋಡುವುದೂ ಇಲ್ಲ ಎಂದೆ. ಮೂವತ್ತೊಂದು ವರ್ಷ ತಪ್ಪದ ಕಾರ್ಡನ್ನು ಕಳ್ಳನಂತೆ ವಿಚಾರಣೆಗೆ ನಿಲ್ಲಿಸಬೇಕೇ? ಅದು ಗುರುಗಳಿಗೆ ಮಾಡುವ ಅವಮಾನ. ಹೌದೇನೋ ಎಂದಳು. ಕಾಫಿಗೆ ಸಕ್ಕರೆ ಬೇಕೆನಿಸಿದರೂ ನಾನು ಕೇಳಲಿಲ್ಲ. ಸಕ್ಕರೆ ಡಬ್ಬಿ ಆ ಕಪಾಟಿನಲ್ಲೇ ಇರುವುದು.

ಮಾರ್ಚ್ 27, ಗುರುವಾರ

ಸ್ಕೇಲಮ್ಮ ತನ್ನ ಡ್ರಾಯರು ಖಾಲಿ ಮಾಡುತ್ತಿದ್ದಾಳೆ, ಇಂದು ಸ್ವಲ್ಪ, ನಾಳೆ ಸ್ವಲ್ಪ. ಮಗುವಿನದೊಂದು ಚಿತ್ರ, ಅಂಟಿನ ಬಾಟಲಿ, ಚಪ್ಪಲಿ. ಯಾರೂ ಆ ಕಡೆ ನೋಡುವುದಿಲ್ಲ. ಇಂಥ ಹೇಡಿಗಳ ಜೊತೆ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆನಲ್ಲ ಎಂದು ಬೇಸರವಾಯಿತು. ನಾನೂ ನೋಡಲಿಲ್ಲ.

ಮನೆಯಲ್ಲಿ ಇನ್ನೊಂದು ಸುದ್ದಿ. ಮಗಳು ಶನಿವಾರ ಬರುತ್ತಾಳಂತೆ, ಈಸ್ಟರಿಗೆ. ಈಸ್ಟರ್ ಏಪ್ರಿಲ್ ಇಪ್ಪತ್ತು ಎಂದು ಅವಳಿಗೆ ಯಾರೂ ಹೇಳಲಿಲ್ಲವೇ ಎಂದೆ. ಜನವರಿಯಲ್ಲೇ ನಿಮ್ಮ ಕ್ಯಾಲೆಂಡರ್ ನೋಡಿ ರಜೆ ಹಾಕಿದ್ದಾಳೆ, ಬದಲಾಯಿಸುವುದಿಲ್ಲವಂತೆ ಎಂದಳು ಇವಳು. ಇಷ್ಟು ಓದಿದವಳು! ವಸ್ತುಸಂಗ್ರಹಾಲಯದವರಿಗೆ ತಾರೀಖಿನ ಗಂಧವೇ ಇಲ್ಲ.

ಇವಳು ಆಗಲೇ ಈರುಳ್ಳಿ ಸಿಪ್ಪೆ ಕೂಡಿಡುತ್ತಿದ್ದಾಳೆ. ನಾನೂ ಸುಮ್ಮನೆ ಹೋಗಿ ಎರಡು ಡಜನ್ ಮೊಟ್ಟೆ ತಂದೆ.

ಮಾರ್ಚ್ 30, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ.  ಇವತ್ತಾದರೂ ಬರೆಯುತ್ತೇನೆ.

ಮಗಳು ನಿನ್ನೆ ನಾಲ್ಕು ಗಂಟೆಗೆ ಬಂದಳು. ತೆಳ್ಳಗಾಗಿದ್ದಾಳೆ. ಚೆನ್ನಾಗಿದೀಯಾ ಅಪ್ಪಾ ಎಂದಳು, ಹೂಂ ಎಂದೆ. ಮೊಟ್ಟೆಗಳು ಒಲೆಯ ಮೇಲಿದ್ದವು. ಇವಳು ಉಪ್ಪು ಮುಗಿದಿದೆ ಎಂದು ಅಂಗಡಿಗೆ ಹೋದಳು. ಉಪ್ಪು ತುಂಬಿದ ಡಬ್ಬಿ ನನ್ನ ಕಣ್ಣೆದುರಿಗೇ ಇತ್ತು.

ನಾನು ಕಾದಿದ್ದೆ. ನಾಲ್ಕು ಪುಟಗಳನ್ನು ತೆಗೆದು ಮುಂದಿಟ್ಟು ಓದಿದೆ, ನಿಂತುಕೊಂಡೇ. ಒಬ್ಬನೇ ಸನ್ಯಾಸಿ, ಒಬ್ಬನೇ ಪಂಡಿತ, ಉಪವಾಸ ಮಾಡದ ಕೋಳಿ, ನರಿ, ಕೊಕ್ಕರೆ. ಅವಳು ಅಡ್ಡ ಮಾತಾಡದೆ ಕೊನೆಯವರೆಗೆ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದಳು.

"ಗೊತ್ತಪ್ಪ. ಚೀಟಿ ಹೋದ ವರ್ಷಾನೇ ಬದಲಾಯಿಸಿದೆ."

ಅಂದು ಇಲ್ಲಿಂದ ಹೋದ ಮೇಲೆ, ನನ್ನನ್ನು ಸುಳ್ಳುಗಾರನನ್ನಾಗಿ ಮಾಡಲೇಬೇಕೆಂದು ಇದ್ದಬದ್ದದ್ದನ್ನೆಲ್ಲ ಓದಿದಳಂತೆ. ಓದಿದರೆ ನಾನು ಹೇಳಿದ್ದೇ ಸರಿಯಾಗಿತ್ತು. ಮೇಲಧಿಕಾರಿಯ ಬಳಿ ಹೋಗಿ, ತಪ್ಪು ಬರೆದಿದ್ದೇನೆ, ಬದಲಾಯಿಸಬೇಕು ಎಂದಳಂತೆ. ಯಾರೂ ಓದದ ಚೀಟಿಗೆ ಯಾಕಮ್ಮ ತಲೆ ಕೆಡಿಸಿಕೊಳ್ಳುತ್ತೀ ಎಂದು ಅವನು ನಕ್ಕನಂತೆ. ಫೋನಿನಲ್ಲಿ ಫೋಟೋ ತೋರಿಸಿದಳು. ಗಾಜಿನ ಪೆಟ್ಟಿಗೆಯೊಳಗೆ ಮೊಲದ ಅಚ್ಚು, ಮೊಟ್ಟೆ, ಕೆಳಗೆ ಚೀಟಿ. "ಇವು ಪೇಗನ್ ದೇವತೆಯ ಗುರುತುಗಳೆಂದು ಮೊದಲು ಇಲ್ಲಿ ಬರೆದಿದ್ದೆ. ಅದಕ್ಕೆ ಸಾಕಷ್ಟು ಆಧಾರವಿಲ್ಲ, ತಪ್ಪು ನನ್ನದು." ಎರಡೇ ಸಾಲು.

ಒಂದು ವರ್ಷದಿಂದ ಅದು ಅಲ್ಲಿದೆ. ಬಂದವರೆಲ್ಲ ಓದುತ್ತಿದ್ದಾರೆ. ನನಗೊಬ್ಬನಿಗೆ ಗೊತ್ತಿಲ್ಲ. ಹೇಳಬಾರದಿತ್ತೇ ಎಂದೆ.  

ಅವಳು ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು.

"ಹೇಳೋಕೆ ಫೋನ್ ಮಾಡ್ಬೇಕಿತ್ತಲ್ಲ. ನೀನೂ ಮಾಡ್ಲಿಲ್ಲ, ನಾನೂ ಮಾಡ್ಲಿಲ್ಲ."

ಆಮೇಲೆ ಎದ್ದು ಕಪಾಟಿನ ಬಾಗಿಲು ತೆಗೆದಳು. ಬೇಡ ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಕಾರ್ಡಿನ ಮೇಲೆ ಬೆರಳಿಟ್ಟಳು. ಗುಂಡುಸೂಜಿ ಹನ್ನೊಂದನೇ ಸಾಲಿನಲ್ಲಿತ್ತು. ಮಾರ್ಚ್ ಇಪ್ಪತ್ತೈದು. ಹೋದ ವರ್ಷದ ಸಾಲು. ಅದರ ಕೆಳಗೆ ಹನ್ನೆರಡನೆಯದು, ಏಪ್ರಿಲ್ ಹದಿಮೂರು.

"ಅವತ್ತು ಸಿಟ್ಟಲ್ಲಿ ಇದ್ದ ಜಾಗಕ್ಕೇ ಚುಚ್ಚಿ ಹೋಗಿದ್ದೆ ಅಪ್ಪಾ. ಜನವರಿಯಲ್ಲಿ ಕ್ಯಾಲೆಂಡರ್ ನೋಡಿದಾಗಲೇ ಗೊತ್ತಾಯ್ತು. ಆದ್ರೂ ರಜೆ ಈ ತಾರೀಖಿಗೇ ಹಾಕ್ದೆ. ನಮ್ಮನೆ ಈಸ್ಟರ್ ನಿನ್ನ ಕ್ಯಾಲೆಂಡರಲ್ಲಿರೋದೇ ಅಲ್ವಾ?"

ಸೂಜಿ ಸರಿಸದಿದ್ದವಳು ನೀನು ಎನ್ನಬಹುದಿತ್ತು. ಮಾತು ಬಾಯಿಯವರೆಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಓದಿದವನು ನಾನು. ವರ್ಷವನ್ನು ಹತ್ತೊಂಬತ್ತರಿಂದ ಭಾಗಿಸಿ, ಉಳಿದದ್ದಕ್ಕೆ ಒಂದು ಕೂಡಿಸಿ ನೋಡಿದ್ದರೆ ಸಾಲು ಯಾವುದೆಂದು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು, ಮಾಡಲಿಲ್ಲ. ಇದು ಮಾರ್ಚೇನಾ ಸಾರ್ ಎಂದು ಕೇಳಿದವಳನ್ನು ಗದರಿಸಿದವನು ನಾನು. ಅವಳು ಡ್ರಾಯರು ಖಾಲಿ ಮಾಡುವುದನ್ನು ನೋಡದೆ ನೋಡಿದವನೂ ನಾನೇ. ಎರಡು ತಿಂಗಳು ಸಕ್ಕರೆಯಿಲ್ಲದ ಕಾಫಿ ಕುಡಿದೆ, ಆ ಬಾಗಿಲು ತೆಗೆಯಬೇಕಾಗುತ್ತದೆ ಎಂದು. ಗೊತ್ತಿತ್ತು ನನಗೆ. ಯಾವತ್ತಿನಿಂದ ಎಂದು ಮಾತ್ರ ಗೊತ್ತಿಲ್ಲ.

ಸ್ಕೇಲಮ್ಮನ ವಿಷಯ ಮಗಳಿಗೆ ಹೇಳಿದೆ. ಅವಳು ಹೌದೇನೋ ಎನ್ನಲಿಲ್ಲ. ಯಾವಾಗ ಕೊನೆ ದಿನ ಎಂದು ಕೇಳಿದಳು. ಸೋಮವಾರ ಎಂದೆ. ಚೀಟಿಯ ಕಾಗದ ತೆಗೆದುಕೊಂಡು, ಬಾ ಕೂತ್ಕೋ ಎಂದಳು.

ಇವತ್ತು ಬೆಳಿಗ್ಗೆ ಮೂವರೂ ಮೊಟ್ಟೆ ಒಡೆದು ತಿಂದೆವು. ಕುರಿಗಾಹಿಗಳ ಹುಣ್ಣಿಮೆಯ ವಿಷಯವನ್ನೂ ಹೇಳಿಬಿಟ್ಟೆ, ಪುಟಸಂಖ್ಯೆ ಸಮೇತ. ಊಹಿಸಿದಂತೆಯೇ ಹಾರಾಡಿದಳು. ಬಸ್ಸು ತಪ್ಪುವುದರಲ್ಲಿತ್ತು. ಹೊರಡುವ ಮೊದಲು ಸೂಜಿಯನ್ನು ಒಂದು ಸಾಲು ಕೆಳಗಿಳಿಸಿದಳು, ಹೋದ ವರ್ಷದ ಬಾಕಿ.

ಮಾರ್ಚ್ 31, ಸೋಮವಾರ

ಹೇಳಿದೆ. ಅಳಿಯನ ಕೋಣೆಯಲ್ಲಿ, ಸ್ಕೇಲಮ್ಮನನ್ನು ಕರೆಸಿ, ಅವಳ ಎದುರಿಗೇ. ತಾರೀಖು ತಪ್ಪು ಬರೆದುಕೊಟ್ಟವನು ನಾನು, ಅವಳು ಕೇಳಿದಾಗ ಬೈದವನು ನಾನು, ಎರಡು ತಿಂಗಳು ಸುಮ್ಮನಿದ್ದವನೂ ನಾನು. ಮಗಳ ಜೊತೆ ಕೂತು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟೆ. "ಈ ಕ್ಯಾಲೆಂಡರಿನಲ್ಲಿ ಈಸ್ಟರ್ ಮೂರು ವಾರ ಮೊದಲು ಬಂದಿದೆ, ಸರಿಯಾದ ದಿನ ಏಪ್ರಿಲ್ 20. ತಪ್ಪು ತಾರೀಖು ಲೆಕ್ಕ ಹಾಕಿದವನದು." ಅಳಿಯ ಎರಡು ಸಲ ಓದಿದ. ಇನ್ನು ಮುಂದೆ ತಾರೀಖುಗಳನ್ನು ಸ್ಕೇಲಮ್ಮ ನೋಡಲಿ, ನೀವು ಪ್ರೂಫ್ ಮಾತ್ರ ನೋಡಿ ಎಂದ. ಮೂವತ್ತೊಂದು ವರ್ಷದ ಕೆಲಸ ಒಂದು ವಾಕ್ಯದಲ್ಲಿ ಹೋಯಿತು. ಆಗಲಿ ಎಂದೆ.

ಹೊರಗೆ ಬಂದ ಮೇಲೆ ಕ್ಷಮಿಸಮ್ಮ ಎಂದೆ. ಅವಳು ತನ್ನ ಮೇಜಿಗೆ ಹೋಗಿ, ಖಾಲಿಯಾದ ಡ್ರಾಯರಿನಲ್ಲಿ ಉಳಿದಿದ್ದ ಒಂದೇ ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟಳು. ನನ್ನ ಅಕ್ಷರ. ಈಸ್ಟರ್, ಮಾರ್ಚ್ 30. ಅಡಿಯಲ್ಲಿ ನನ್ನ ಸಹಿ.

"ರದ್ದಿಗೆ ಹಾಕಿರ್ಲಿಲ್ಲ ಸಾರ್. ಇವತ್ತು ಸಂಜೆ ಐದಕ್ಕೆ ಅವರ ಮೇಜಿನ ಮೇಲೆ ಇಡೋಳಿದ್ದೆ. ನಿಮಗೆ ಐದರವರೆಗೆ ಟೈಮ್ ಕೊಟ್ಟಿದ್ದೆ."

ಗಡಿಯಾರ ನೋಡಿದೆ. ಮೂರೂ ಮುಕ್ಕಾಲು.

ಏಪ್ರಿಲ್ 19, ಶನಿವಾರ

ಮತ್ತೆ ಮೊಟ್ಟೆ, ಮತ್ತೆ ಈರುಳ್ಳಿ ಸಿಪ್ಪೆ. ನಾನೂ ಮಗಳೂ ಬರೆದ ಚೀಟಿಯೇ ಅಚ್ಚಾಗಿ ಈಗ ಊರಿನ ಎಲ್ಲ ಗೋಡೆಯ ಮೇಲಿದೆ. ಕೆಳಗಿನ ಅಜ್ಜಿಯ ಮನೆಗೆ ನಾನೇ ಹೋಗಿ ಅಂಟಿಸಿದೆ. ಅವರು ಓದಿಸಿಕೊಂಡು, ಪಾಪ ಯಾರೋ ಏನೋ ಎಂದರು. ನಾನೇ ಅಜ್ಜಿ ಎಂದು ಎರಡು ಸಲ ಹೇಳಬೇಕಾಯಿತು, ಕಿವಿ ಮಂದ.

ಸಂಜೆ ಕಪಾಟಿನ ಬಾಗಿಲು ತೆಗೆದು ಮಗಳಿಗೆ ಫೋನು ಮಾಡಿದೆ. ನಾನೇ ಮಾಡಿದೆ. ಅವಳ ರಜೆ ಮುಗಿದಿದೆ, ಬರಲಾಗದು. ಅವಳು ಅಲ್ಲಿಂದ ಎಣಿಸಿದಳು, ನಾನು ಇಲ್ಲಿ ಸೂಜಿ ಕಿತ್ತು ಕೆಳಗಿನ ಸಾಲಿಗೆ ಚುಚ್ಚಿದೆ. ಹದಿಮೂರನೇ ಸಾಲು, ಏಪ್ರಿಲ್ ಎರಡು. ಮುಂದಿನ ವರ್ಷ ಅದು ಗುರುವಾರ, ಹಾಗಾಗಿ ಈಸ್ಟರ್ ಏಪ್ರಿಲ್ ಐದು. ಹನ್ನೊಂದನೇ ಸಾಲಿನ ತೂತು ಮಾತ್ರ ಉಳಿದವುಗಳಿಗಿಂತ ದೊಡ್ಡದಾಗಿದೆ.

ಏಪ್ರಿಲ್ ಐದು, ಈಗಲೇ ರಜೆ ಹಾಕು ಎಂದೆ.

"ಸ್ಕೇಲಮ್ಮನ್ನ ಒಂದು ಮಾತು ಕೇಳಿ ಹಾಕ್ತೀನಿ" ಎಂದಳು.

ಮೈ ಉರಿಯಿತು. ಸ್ವಂತ ಮಗಳು! ಮೂವತ್ತೊಂದು ವರ್ಷ ಎಂದು ಶುರುಮಾಡಿದವನು ಅಷ್ಟಕ್ಕೇ ನಿಲ್ಲಿಸಿ, ಸ್ಕೇಲಮ್ಮನ ನಂಬರು ಕೊಟ್ಟೆ.